ಟೀಚರಮ್ಮನ ದನಿಯನ್ನು ಮಟ್ಟ ಮಾಡಿದ್ದು

ಶಿಡ್ಲಘಟ್ಟದಲ್ಲಿ ನಾನು ರೇಡಿಯೋ ರಿಪೇರಿ ಅಂಗಡಿ ತೆರೆದದ್ದು ಐವತ್ತರ ದಶಕದ ಕೊನೆಯಲ್ಲಿ. ಅದಕ್ಕೆ ಮೊದಲು ಕೆಲವು ವರ್ಷ ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿದ್ದೆ. ಅಲ್ಲಿ ನಮಗೆ ಪಾಠ ಹೇಳುತ್ತಿದ್ದ ಹವಾಲ್ದಾರರು ದಿನಕ್ಕೊಮ್ಮೆಯಾದರೂ ಒಂದು ಮಾತು ಹೇಳುತ್ತಿದ್ದರು: ಮಾತು ಚೆನ್ನಾಗಿ ಕೇಳಬೇಕಾಗಿಲ್ಲ, ತಲುಪಬೇಕು ಅಷ್ಟೆ. ಹೆದರಿದವನು ಪಿಸುಗುಟ್ಟಿದರೂ, ಸಿಟ್ಟಾದವನು ಅರಚಿದರೂ ಆ ಕಡೆ ಕೂತವನ ಕಿವಿಗೆ ಎರಡೂ ಒಂದೇ ಅಳತೆಯಲ್ಲಿ ಬೀಳಬೇಕು. ಅದಕ್ಕೆಂದೇ ವೈರ್‌ಲೆಸ್ ಸೆಟ್ಟುಗಳಲ್ಲಿ ಒಂದು ವ್ಯವಸ್ಥೆ ಇರುತ್ತಿತ್ತು. ದನಿ ಜೋರಾದರೆ ಒತ್ತುತ್ತಿತ್ತು, ಸಣ್ಣದಾದರೆ ಎತ್ತುತ್ತಿತ್ತು. ನನಗೆ ಅದು ಬಲು ಇಷ್ಟವಾಗಿತ್ತು. ಊರಿಗೆ ಬಂದ ಮೇಲೂ ಅದನ್ನು ಮರೆಯಲಿಲ್ಲ.

ರಿಪೇರಿಯ ಜೊತೆಗೆ ಮದುವೆ, ಸಭೆಗಳಿಗೆ ಮೈಕ್ ಸೆಟ್ಟು ಕಟ್ಟುತ್ತಿದ್ದೆ. ಆ ಕಾಲದ ಭಾಷಣಕಾರರು ಮೈಕನ್ನು ನಂಬುತ್ತಿರಲಿಲ್ಲ. ಅದರ ಮುಂದೆ ನಿಂತೂ ಹೊಲದ ಆಚೆಯವನನ್ನು ಕೂಗುವ ಹಾಗೆ ಕೂಗುತ್ತಿದ್ದರು. ಲೌಡ್‌ಸ್ಪೀಕರ್ ಹಾರ್ನಿನ ಒಳಗಿನ ತೆಳು ಹಾಳೆ ಒಡೆದು ಗರಗರ ಅನ್ನುತ್ತಿತ್ತು. ಹೀಗೆ ಎರಡು ಹಾರ್ನು ಕಳೆದುಕೊಂಡ ಮೇಲೆ ಬೆಂಗಳೂರಿಗೆ ಹೋಗಿ, ಮಿಲಿಟರಿಯವರು ಹರಾಜು ಹಾಕಿದ ಸಾಮಾನು ಮಾರುವ ಗುಜರಿಯಲ್ಲಿ ಹುಡುಕಿ, ಬೂದು ಬಣ್ಣದ ಒಂದು ಕಬ್ಬಿಣದ ಪೆಟ್ಟಿಗೆ ತಂದೆ. ಅದು ಕಂಪ್ರೆಸರ್, ಸೈನ್ಯದ ಸೆಟ್ಟುಗಳಲ್ಲಿ ಕಂಡಿದ್ದ ಅದೇ ವ್ಯವಸ್ಥೆ. ವಾಲ್ವುಗಳನ್ನು ಬದಲಿಸಿ, ಎರಡು ತಿಂಗಳು ಒದ್ದಾಡಿ ಅದಕ್ಕೆ ಜೀವ ಬರಿಸಿದೆ. ಮೂರು ತಿರುಗುಗುಂಡಿ, ಹೊರಗೆ ಹೋಗುವ ದನಿಯ ಮಟ್ಟ ತೋರಿಸುವ ಒಂದು ಮುಳ್ಳು. ಎಷ್ಟು ಜೋರಾದ ಮೇಲೆ ದನಿಯನ್ನು ಒತ್ತಬೇಕು ಎನ್ನುವುದಕ್ಕೆ ಮೊದಲನೆಯ ಗುಂಡಿ. ಎಷ್ಟು ಬಿಗಿಯಾಗಿ ಒತ್ತಬೇಕು ಎನ್ನುವುದಕ್ಕೆ ಎರಡನೆಯದು. ಒತ್ತಿದ್ದನ್ನು ಎಷ್ಟು ಬೇಗ ಬಿಡಬೇಕು ಎನ್ನುವುದಕ್ಕೆ ಮೂರನೆಯದು.

ಅದು ಬಂದ ಮೇಲೆ ನನ್ನ ಹೆಸರು ಚಿಂತಾಮಣಿ, ಚಿಕ್ಕಬಳ್ಳಾಪುರದವರೆಗೂ ಹೋಯಿತು. "ನಿನ್ನ ಸೆಟ್ಟು ಕಿರುಚಲ್ಲ ಕಣಪ್ಪ, ಮಾತು ನೀಟಾಗಿ ಕೇಳ್ಸುತ್ತೆ" ಎಂದು ಜನ ಹೇಳುವಾಗ ನನಗೆ ಎದೆ ಉಬ್ಬುತ್ತಿತ್ತು. ಸಭೆಯಲ್ಲಿ ಎಲ್ಲರೂ ಭಾಷಣಕಾರನನ್ನು ನೋಡುತ್ತಿದ್ದರೆ ನಾನು ಆ ಮುಳ್ಳನ್ನು ನೋಡುತ್ತಿದ್ದೆ.

ನಮ್ಮೂರ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಒಬ್ಬ ಟೀಚರಮ್ಮ ಇದ್ದರು. ನಲವತ್ತರ ಆಸುಪಾಸು. ಮದುವೆಯಾಗಿರಲಿಲ್ಲ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡು ಸ್ಕೂಲಿನ ಹಿಂದಿನ ಬೀದಿಯಲ್ಲಿದ್ದರು. ಅವರ ತಂದೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಗಮಕಿ. ಕಾವ್ಯವನ್ನು ರಾಗವಾಗಿ ಓದುವ ಆ ವಿದ್ಯೆಯನ್ನು ಮಗಳಿಗೆ ಚಿಕ್ಕಂದಿನಲ್ಲೇ ಕಲಿಸಿ ತೀರಿಕೊಂಡಿದ್ದರು. ಶುಕ್ರವಾರಗಳಲ್ಲಿ ಸ್ಕೂಲು ಬಿಟ್ಟ ಮೇಲೆ ದೊಡ್ಡ ಕೊಠಡಿಯಲ್ಲಿ ಟೀಚರಮ್ಮ ಓದುತ್ತಿದ್ದರು, ಊರಿನ ಹೆಂಗಸರು ಕೇಳಲು ಹೋಗುತ್ತಿದ್ದರು. ಒಂದು ಸಲ ನಮ್ಮಮ್ಮನನ್ನು ಬಿಡಲು ಹೋದವನು ಬಾಗಿಲ ಬಳಿಯೇ ನಿಂತುಬಿಟ್ಟೆ.

ಅವತ್ತು ಮಗನನ್ನು ಕಳೆದುಕೊಂಡ ತಾಯಿಯ ಅಳಲಿನ ಭಾಗ. ಮೈಕಿಲ್ಲ, ಏನಿಲ್ಲ. ಮೊದಲು ದೊಡ್ಡ ದನಿಯಲ್ಲಿ ಓದಿದರು. ಆಮೇಲೆ ದನಿ ಇಳಿಯುತ್ತಾ ಹೋಯಿತು. ಇನ್ನೇನು ಕೇಳಿಸುವುದಿಲ್ಲ ಅನ್ನುವಷ್ಟು ಇಳಿದಾಗ ಕೊಠಡಿಯಲ್ಲಿದ್ದ ನಲವತ್ತು ಹೆಂಗಸರೂ ಮುಂದಕ್ಕೆ ಬಾಗಿದರು. ಒಬ್ಬಾಕೆ ಮಗುವಿನ ಬಾಯಿಯ ಮೇಲೆ ಕೈಯಿಟ್ಟಳು. ಅಷ್ಟು ಸಣ್ಣ ದನಿಯಿಂದ ಒಂದೇ ಉಸಿರಿನಲ್ಲಿ ಅವರು ಮೇಲಕ್ಕೆ ಏರಿದರು. ನನ್ನ ಮೈ ಜುಮ್ಮೆಂದಿತು.

ಒಂದು ವರ್ಷವಾದ ಮೇಲೆ, ಬೆಂಗಳೂರಿನ ಒಂದು ಸಂಸ್ಥೆಯವರು ಜಿಲ್ಲೆಯ ಉಪಾಧ್ಯಾಯರಿಗೆ ಗಮಕ ಕಲಿಸುವುದಕ್ಕೆ ಇಬ್ಬರನ್ನು ಆರಿಸುತ್ತಾರೆ ಎನ್ನುವ ಸುದ್ದಿ ಬಂತು. ಟೀಚರಮ್ಮ ತಾಯಿಯನ್ನು ಬಿಟ್ಟು ಎರಡು ದಿನ ಬೆಂಗಳೂರಿನಲ್ಲಿ ನಿಲ್ಲುವ ಹಾಗಿರಲಿಲ್ಲ. ಅವರ ಹೆಡ್‌ಮಿಸ್ಸು ಪತ್ರ ಬರೆದು ಕೇಳಿದ್ದಕ್ಕೆ, ಟೇಪಿನಲ್ಲಿ ಓದಿ ಕಳಿಸಿದರೂ ಆಗುತ್ತದೆ ಎಂದು ಉತ್ತರ ಬಂತು. ಇಬ್ಬರೂ ನನ್ನ ಅಂಗಡಿಗೆ ಬಂದರು.

"ನಮಗೆ ಇದೆಲ್ಲಾ ತಿಳಿಯಲ್ಲಪ್ಪ. ನಿನ್ನನ್ನೇ ನಂಬ್ಕೊಂಡು ಬಂದಿದೀವಿ" ಅಂದರು ಹೆಡ್‌ಮಿಸ್ಸು.

"ನೀವು ಓದಿ ಅಮ್ಮ, ಮಿಕ್ಕಿದ್ದು ನಾನು ನೋಡ್ಕೊತೀನಿ" ಅಂದೆ ಟೀಚರಮ್ಮನಿಗೆ.

ಆಗ ಊರಿನಲ್ಲಿ ಟೇಪ್ ರೆಕಾರ್ಡರ್ ಇದ್ದದ್ದು ಒಬ್ಬರ ಮನೆಯಲ್ಲಿ ಮಾತ್ರ. ರೇಷ್ಮೆ ನೂಲು ತೆಗೆಸುವ ಒಬ್ಬ ಸಾಹೇಬರು ಬೊಂಬಾಯಿಯಿಂದ ತಂದಿದ್ದರು. ಮಿಷಿನ್ನು ಮನೆಯಿಂದ ಆಚೆ ಹೋಗುವ ಹಾಗಿಲ್ಲ, ಬೇಕಾದರೆ ಮುಂದಿನ ಕೋಣೆ ಬಿಟ್ಟುಕೊಡುತ್ತೇನೆ ಎಂದರು. ಶುಕ್ರವಾರ ಮಧ್ಯಾಹ್ನ ಅವರ ಕಾರ್ಖಾನೆಗೆ ರಜೆ. ಟೀಚರಮ್ಮ ಅರ್ಧ ದಿನ ರಜೆ ಹಾಕಿ, ತೊಳೆದ ಬಿಳಿ ಸೀರೆ ಉಟ್ಟು ಬಂದರು. ಬೇಯಿಸಿದ ರೇಷ್ಮೆಗೂಡಿನ ವಾಸನೆ ಆ ಕೋಣೆಯ ಗೋಡೆಗೇ ಹತ್ತಿತ್ತು. ಪಕ್ಕದ ಮನೆಯ ರಾಟೆಗಳ ಸದ್ದು ದೂರದಿಂದ ಸಣ್ಣಗೆ ಬರುತ್ತಿತ್ತು. ಸಾಹೇಬರ ಮನೆಯ ಹೆಂಗಸರು ಒಳಬಾಗಿಲ ಪರದೆಯ ಹಿಂದೆ ನಿಂತಿದ್ದರು.

ಆ ತಾಯಿಯ ಅಳಲಿನ ಭಾಗವನ್ನೇ ಮೊದಲ ಸಲ ಓದಿಸಿ ನೋಡಿದೆ. ಏರಿದಾಗ ರೆಕಾರ್ಡರಿನಲ್ಲಿ ದನಿಯ ಮಟ್ಟ ತೋರಿಸುವ ಹಸಿರು ದೀಪದ ಕಣ್ಣು ಪೂರ್ತಿ ಮುಚ್ಚಿಕೊಂಡು ದನಿ ಒಡೆಯಿತು. ಇಳಿದಾಗ ಟೇಪಿನ ಸುಯ್ಯೆನ್ನುವ ಸದ್ದಿನಲ್ಲಿ ಮುಳುಗಿತು.

"ಸ್ವಲ್ಪ ಹದವಾಗಿ ಓದ್ಲೇನಪ್ಪಾ?" ಅಂತ ಟೀಚರಮ್ಮ ಕೇಳಿದರು.

"ಬೇಡಿ ಅಮ್ಮ. ನೀವು ಯಾವತ್ತೂ ಓದೋ ಹಾಗೇ ಓದಿ. ನನ್ನ ಹತ್ರ ಇದಕ್ಕೆ ಔಷಧಿ ಇದೆ" ಎಂದು ಕಂಪ್ರೆಸರನ್ನು ನಡುವೆ ಸೇರಿಸಿದೆ.

ಗುಂಡಿಗಳನ್ನು ಹೇಗೆ ತಿರುಗಿಸಿದೆ ಎನ್ನುವುದು ನನಗೆ ಇವತ್ತಿಗೂ ಬೆರಳಿನಲ್ಲಿದೆ. ಮೊದಲನೆಯದನ್ನು ಪೂರ್ತಿ ಕೆಳಕ್ಕೆ ತಂದೆ, ಸಣ್ಣ ದನಿಯೂ ಒತ್ತಡದೊಳಗೆ ಬರಲೆಂದು. ಎರಡನೆಯದನ್ನು ಬಲಕ್ಕೆ, ರಾಜಕೀಯದವರ ಸಭೆಗೆ ಇಡುವುದಕ್ಕಿಂತಲೂ ಬಿಗಿಯಾಗಿ. ಮೂರನೆಯದನ್ನು ಬೇಗ ಬಿಡುವ ಹಾಗೆ ಇಟ್ಟೆ, ಇಳಿದ ದನಿಯನ್ನು ತಕ್ಷಣ ಎತ್ತಿಕೊಳ್ಳಲೆಂದು. ಟೀಚರಮ್ಮ ಕಣ್ಣು ಮುಚ್ಚಿ ಇಡೀ ಭಾಗವನ್ನು ಓದಿದರು. ನಾನು ಅವರನ್ನು ಕೇಳಲಿಲ್ಲ. ಮುಳ್ಳನ್ನೇ ನೋಡುತ್ತಿದ್ದೆ. ಅದು ಒಂದೇ ಜಾಗದಲ್ಲಿ ಸ್ವಲ್ಪವೇ ಅಲ್ಲಾಡುತ್ತಾ ನಿಂತಿತ್ತು. ಇಷ್ಟು ಚೆನ್ನಾಗಿ ಹಿಂದೆ ಎಂದೂ ನಿಂತಿರಲಿಲ್ಲ.

ಮುಗಿದ ಮೇಲೆ ಅವರು ಮುಖ ಒರೆಸಿಕೊಂಡು, "ಕೇಳಿಸಪ್ಪ, ನೋಡಣ" ಅಂದರು. ಹಾಕಿದೆ. ಒಂದು ನಾಲ್ಕು ಪದ್ಯ ಕೇಳಿದರು. ಅವರ ಮುಖ ಸಣ್ಣದಾಯಿತು.

"ಇದು ನನ್ನ ದನಿನೇನಪ್ಪಾ? ಎಲ್ಲಾ ಒಂದೇ ಸಮ ಇದೆಯಲ್ಲ. ಇಲ್ಲಿ ನಾನು ಪೂರ್ತಿ ತಗ್ಗಿಸಿದ್ದೆ."

"ಮೊದಲನೇ ಸಲ ತಮ್ಮ ದನಿ ಕೇಳಿದಾಗ ಎಲ್ಲರಿಗೂ ಹಂಗೇ ಅನ್ಸುತ್ತೆ ಅಮ್ಮ. ನನಗೂ ಹಂಗೇ ಆಗಿತ್ತು."

"ಅಲ್ಲಪ್ಪಾ, ಇದು..."

"ಒಂದು ಅಕ್ಷರ ಬಿಡದ ಹಾಗೆ ಬಂದಿದೆ. ನೋಡ್ತಿರಿ, ಅವರೇ ಕಾಗದ ಬರೀತಾರೆ."

ಅವರು ಸುಮ್ಮನಾದರು. ಮಿಷಿನ್ನಿನ ವಿಷಯ ಬಲ್ಲವನು ನಾನು ಎಂದು ಸುಮ್ಮನಾದರು. ಇನ್ನೂ ಹೊತ್ತಿತ್ತು. ಸಾಹೇಬರು ಸಂಜೆಯವರೆಗೂ ಇಟ್ಟುಕೊಳ್ಳಿ ಎಂದಿದ್ದರು. ಅದೇ ಟೇಪಿನ ಮೇಲೆ, ಪೆಟ್ಟಿಗೆಯನ್ನು ಬದಿಗಿಟ್ಟು, ಕೈಯಲ್ಲೇ ಹೆಚ್ಚು ಕಡಿಮೆ ಮಾಡುತ್ತಾ ಇನ್ನೊಮ್ಮೆ ಓದಿಸಬಹುದಾಗಿತ್ತು. ನಾನು ಟೇಪನ್ನು ಸುತ್ತಿ ಡಬ್ಬಿಯಲ್ಲಿಟ್ಟೆ.

ತಿಂಗಳೊಳಗೆ ಟೇಪು ವಾಪಸು ಬಂತು, ಜೊತೆಗೊಂದು ಕಾಗದ. ಟೀಚರಮ್ಮನೇ ಅಂಗಡಿಗೆ ತಂದು ಕೊಟ್ಟರು. ಉಚ್ಚಾರಣೆ ಶುದ್ಧವಾಗಿದೆ, ರಾಗಜ್ಞಾನ ಇದೆ. ಆದರೆ ಓದಿನಲ್ಲಿ ಭಾವದ ಏರಿಳಿತವಿಲ್ಲ, ಶೋಕದ ಭಾಗವನ್ನೂ ಒಂದೇ ಸಮನೆ ಓದಲಾಗಿದೆ, ಉಸಿರಾಟ ಅತಿಯಾಗಿ ಕೇಳುತ್ತದೆ, ಆದ್ದರಿಂದ ಆರಿಸಲಾಗುವುದಿಲ್ಲ ಎಂದು ಬರೆದಿದ್ದರು.

"ಅವರಿಗೇನು ಗೊತ್ತು ಬಿಡಿ ಅಮ್ಮ" ಅಂದೆ.

"ಗೊತ್ತಿರೋರೇ ಕಣಪ್ಪ. ದೊಡ್ಡೋರು" ಎಂದು ಕಾಗದವನ್ನು ಮಡಿಸಿಕೊಂಡು ಹೋದರು.

ಟೇಪು ಸಾಹೇಬರದು. ವಾಪಸು ಕೊಡಲು ಹೋದಾಗ ಅವರೇ ಅದನ್ನು ಮಿಷಿನ್ನಿಗೆ ಹಾಕಿ ಕೇಳಿದರು. ನಾನೂ ಮುಳ್ಳಿನ ಯೋಚನೆ ಇಲ್ಲದೆ, ಬರೀ ಕಿವಿಯಿಂದ, ಪೂರ್ತಿಯಾಗಿ ಅವತ್ತೇ ಮೊದಲ ಸಲ ಕೇಳಿದ್ದು. ತಾಯಿಯ ಕೂಗೂ ಬಿಕ್ಕೂ ಒಂದೇ ಎತ್ತರದಲ್ಲಿ ಬರುತ್ತಿದ್ದವು, ಸಂತೆಯಲ್ಲಿ ಡಂಗುರ ಸಾರಿದ ಹಾಗೆ. ಪದ್ಯದ ನಡುವೆ ಅವರು ನಿಲ್ಲಿಸಿದ ಕಡೆಯಲ್ಲೆಲ್ಲಾ, ನೆರೆಮನೆಯ ರಾಟೆಗಳ ಸದ್ದು ಇದ್ದಕ್ಕಿದ್ದಂತೆ ಉಬ್ಬಿಕೊಂಡು ಬರುತ್ತಿತ್ತು. ಉಸಿರು ತೆಗೆದುಕೊಂಡರೆ ಸೀಳಿದ ಹಾಗೆ ಕೇಳುತ್ತಿತ್ತು. ಮೌನವೆನ್ನುವುದು ಎಲ್ಲೂ ಇರಲಿಲ್ಲ.

ಸಾಹೇಬರು ತಲೆ ಆಡಿಸಿದರು. "ಅರೇ ಭಾಯ್, ಅವತ್ತು ನಮ್ಮ ಮನೆಯೋರು ಪರದೆ ಹಿಂದೆ ನಿಂತ್ಕೊಂಡು ಅತ್ತಿದ್ರು. ಅವರಿಗೆ ನಿಮ್ಮ ಈ ಕನ್ನಡ ಅರ್ಧ ತಿಳಿಯಲ್ಲ. ಆದ್ರೂ ಅತ್ತರು. ಇದ್ರಲ್ಲಿ ಅಳೋಂಥದ್ದು ಏನೂ ಇಲ್ವಲ್ಲ?"

ಪೆಟ್ಟಿಗೆಯ ಕೆಲಸವಿದು ಎಂದು ಆ ಗಳಿಗೆಯಲ್ಲೇ ತಿಳಿಯಿತು. ಅಲ್ಲಿಂದ ನೇರವಾಗಿ ಸ್ಕೂಲಿನ ಹಿಂದಿನ ಬೀದಿಗೆ ಹೋಗಬೇಕಿತ್ತು. ಬೆಂಗಳೂರಿಗೆ ಬರೆಯಲು ಆಗ ಸಮಯವೂ ಇತ್ತು, ಆಯ್ಕೆ ಇನ್ನೂ ಮುಗಿದಿರಲಿಲ್ಲ. ಹೋಗಲಿಲ್ಲ. ಮುಂದಿನ ವಾರ ಚಿಂತಾಮಣಿಯಲ್ಲಿ ದೊಡ್ಡ ಸಭೆಗೆ ಸೆಟ್ಟು ಕಟ್ಟುವುದಿತ್ತು. ಹೆಸರು ಕೆಟ್ಟರೆ ಎಂಬ ಭಯವಿತ್ತು. ಅದಕ್ಕಿಂತ ಹೆಚ್ಚಾಗಿ, ಅವರು ಅನುಮಾನಪಟ್ಟಾಗ ಬಲ್ಲವನ ಹಾಗೆ ಮಾತಾಡಿ ಬಾಯಿ ಮುಚ್ಚಿಸಿದ್ದೆನಲ್ಲ, ಅದನ್ನು ಒಪ್ಪಿಕೊಳ್ಳುವ ನಾಚಿಕೆ. ನಾಳೆ ಹೇಳೋಣ ಅಂದುಕೊಂಡೆ. ಹೀಗೆ ನಾಳೆಗಳು ಹೋದವು.

ಇಷ್ಟಕ್ಕೇ ನಿಂತಿದ್ದರೆ ನನ್ನ ತಪ್ಪು ಸಣ್ಣದಾಗಿ ಉಳಿಯುತ್ತಿತ್ತೇನೋ. ಆದರೆ ಟೀಚರಮ್ಮ ಆ ಕಾಗದವನ್ನು ನಂಬಿ ತಮ್ಮನ್ನು ತಿದ್ದಿಕೊಳ್ಳಲು ಹೊರಟರು. ಇಲ್ಲದ ದೋಷವನ್ನು ಸರಿಮಾಡಲು ಬೆಳಗಿನ ಜಾವ ಎದ್ದು ಅಭ್ಯಾಸ ಮಾಡುತ್ತಿದ್ದರಂತೆ. ಅದರ ಫಲವನ್ನು ನಾನು ಕೈವಾರದಲ್ಲಿ ಕಂಡೆ. ಅಲ್ಲಿಗೆ ಬರುವ ಯಾತ್ರಿಕರ ಮುಂದೆ ಅವರ ಓದು ಇಟ್ಟಿದ್ದರು, ಮೈಕು ನನ್ನದು. ಈ ಸಲ ಕಂಪ್ರೆಸರನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ. ನನ್ನ ಮನಸ್ಸಿಗೆ ನಾನೇ ಕೊಟ್ಟುಕೊಂಡ ಸಮಾಧಾನ ಅದು.

ಟೀಚರಮ್ಮ ಓದಲು ಶುರು ಮಾಡಿದರು. ಹಿಂದೆ ತಾನಾಗಿ ಏರುತ್ತಿದ್ದ ದನಿಯನ್ನು ಈಗ ಎಳೆದು ಏರಿಸುತ್ತಿದ್ದರು. ದುಃಖದ ಕಡೆ ದನಿಯನ್ನು ನಡುಗಿಸಿದರು. ಒಂದು ಕಡೆ ಎಷ್ಟು ಜೋರಾಗಿ ಕೂಗಿದರೆಂದರೆ ಹಾರ್ನು ಕೀ ಎಂದು ಕಿರುಚಿತು. ಮುಂದೆ ಕೂತಿದ್ದ ಇಬ್ಬರು ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಏಮ್ಮಾ, ಏಮೈಂದಿ ಈಯಮ್ಮಕಿ?" ಎಂದು, ಈಯಮ್ಮನಿಗೆ ಏನಾಯಿತು ಅಂತ ತೆಲುಗಿನಲ್ಲಿ ಯಾರೋ ಕೇಳಿದ್ದು ಮೈಕಿನವರೆಗೂ ಬಂತು. ಟೀಚರಮ್ಮ ನಿಲ್ಲಿಸಿದರು. ಪುಸ್ತಕ ಮುಚ್ಚಿ, ಎಲ್ಲರಿಗೂ ಕೈಮುಗಿದು ಎದ್ದರು. ಬಸ್ಸಿಗೆ ಕಾಯುವಾಗ ನನ್ನ ಪಕ್ಕವೇ ನಿಂತಿದ್ದರು. "ನಿನ್ನ ಸೆಟ್ಟು ಕೆಡಿಸ್ಬಿಟ್ಟೆ ಅನ್ಸುತ್ತೆ ಕಣಪ್ಪ" ಅಂದರು. ನಾನು "ಏನಿಲ್ಲ ಅಮ್ಮ" ಅಂದೆ. ಆಗಲೂ ಹೇಳಲಿಲ್ಲ.

ಆಮೇಲೆ ಅವರು ಎಲ್ಲೂ ಓದಲಿಲ್ಲ. ಶುಕ್ರವಾರದ ಓದೂ ನಿಂತಿತು. ಅವರ ತಾಯಿ ತೀರಿಕೊಂಡರು. ಮರುವರ್ಷ ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಗೆ ವರ್ಗ ಮಾಡಿಸಿಕೊಂಡು ಹೋದರು. ನನಗೆ ಒಳಗೊಳಗೇ ಹಗುರವಾಯಿತು. ಇನ್ನು ದಾರಿಯಲ್ಲಿ ಸಿಗುವುದಿಲ್ಲವಲ್ಲ ಎಂದು. ಈ ಮಾತನ್ನು ಬರೆಯುವುದು ಕಷ್ಟ, ಆದರೆ ಆದದ್ದು ಹಾಗೇ.

ಕೆಲವು ತಿಂಗಳ ನಂತರ ಹೆಡ್‌ಮಿಸ್ಸು ತಮ್ಮ ರೇಡಿಯೋ ರಿಪೇರಿಗೆ ತಂದವರು ಮಾತಿಗೆ ಮಾತು ಬಂದು ಹೇಳಿದರು: "ಹೋಗೋ ದಿವಸ ಏನಂದ್ರು ಗೊತ್ತೇನಪ್ಪಾ ಆಯಮ್ಮ? 'ನಮ್ಮ ತಂದೆ ನನ್ನ ಓದು ಕೇಳಿ ಕಣ್ಣೀರು ಹಾಕ್ತಿದ್ರು. ಮಗಳು ಅನ್ನೋ ಪ್ರೀತಿಗೆ ಹಂಗೆ ಮಾಡ್ತಿದ್ರು ಅಂತ ಈಗ ತಿಳೀತು. ನಿಜ ಹೇಳಿದ್ರೆ ನೊಂದ್ಕೊತೀನಿ ಅಂತ ಸುಳ್ಳು ಹೇಳಿದ್ರು' ಅಂದ್ರು."

ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಕೆಳಗಿಟ್ಟೆ. ಸತ್ತವರೊಬ್ಬರ ಕಣ್ಣೀರನ್ನು ನಾನು ಸುಳ್ಳು ಮಾಡಿದ್ದೆ. ಆ ಭಾನುವಾರವೇ ಬೆಳಿಗ್ಗೆ ಬಸ್ಸು ಹತ್ತಿದೆ. ಚಿಕ್ಕಬಳ್ಳಾಪುರದಲ್ಲಿ ಇಳಿದು, ಗೌರಿಬಿದನೂರಿನ ಬಸ್ಸು ಹಿಡಿದು, ಅಲ್ಲಿಂದ ರೈಲಿನಲ್ಲಿ ತೊಂಡೇಬಾವಿಗೆ ಹೋದೆ. ದಾರಿಯಲ್ಲಿ ಮಾತುಗಳನ್ನು ಜೋಡಿಸಿಕೊಳ್ಳುತ್ತಾ ಹೋದವನಿಗೆ ಸ್ಟೇಷನ್ನಿನಲ್ಲಿ ಇಳಿಯುವಾಗ ಒಂದೂ ಉಳಿದಿರಲಿಲ್ಲ.

ಟೀಚರಮ್ಮ ಬಾಡಿಗೆ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. "ಇದೇನಪ್ಪಾ ಇಷ್ಟು ದೂರ?" ಎಂದು ಎದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಪೆಟ್ಟಿಗೆಯ ವಿಷಯ, ಗುಂಡಿಗಳನ್ನು ಎಷ್ಟು ಬಿಗಿ ಮಾಡಿದ್ದೆ ಎನ್ನುವುದು, ಅದು ಏರಿಳಿತವನ್ನು ಹೇಗೆ ತಿಂದುಹಾಕಿತು ಎನ್ನುವುದು. ಪರದೆಯ ಹಿಂದೆ ಹೆಂಗಸರು ಅತ್ತದ್ದನ್ನೂ ಹೇಳಿದೆ.

ಅವರು ಮತ್ತೆ ಕೂತು ಅವರೆಕಾಯಿ ಕೈಗೆತ್ತಿಕೊಂಡರು. ಆಮೇಲೆ ಕೇಳಿದರು:

"ನಿನಗೆ ಇದು ಯಾವಾಗ ತಿಳೀತು?"

"ಕಾಗದ ಬಂದ ಎರಡು ಮೂರು ದಿವಸಕ್ಕೆ."

"ಎರಡು ವರ್ಷದ ಮೇಲಾಯ್ತಲ್ಲಪ್ಪಾ."

"ಹೌದಮ್ಮ."

"ಕೈವಾರದಲ್ಲಿ ಬಸ್ಸಿಗೆ ನಿಂತಿದ್ದಾಗಲೂ ಗೊತ್ತಿತ್ತಾ?"

"ಗೊತ್ತಿತ್ತು."

ಅವರ ಕೈ ಒಂದು ಕಾಯಿಯನ್ನು ಸುಲಿಯುತ್ತಾ ಅರ್ಧಕ್ಕೆ ನಿಂತಿತು. "ಮಿಷಿನ್ನು ತಪ್ಪು ಮಾಡ್ತು ಅಂತ ನನಗೆ ಕೋಪ ಇಲ್ಲ. ನಿನಗೂ ಆಗ ತಿಳೀಲಿಲ್ಲ ಅಂತಿಟ್ಕೊ. ಆದ್ರೆ ನಾನು ಅಲ್ಲೇ ಕೇಳ್ದೆನಲ್ಲೋ, ಎಲ್ಲಾ ಒಂದೇ ಸಮ ಇದೆ ಅಂತ. ನನ್ನ ಕಿವಿ ಸರಿಯಾಗೇ ಇತ್ತಲ್ಲೋ. ಅದನ್ನೇ ನಾನು ನಂಬದ ಹಾಗೆ ಮಾಡ್ಬಿಟ್ಟೆ ನೀನು."

ಅದುವರೆಗೆ ಅವರು ನನ್ನನ್ನು ಹಾಗೆ "ಅಲ್ಲೋ" ಎಂದು ಮಾತಾಡಿಸಿದವರಲ್ಲ. ನಾನು ಕಾಲಿಗೆ ಬೀಳಲು ಬಾಗಿದೆ. "ಅದೆಲ್ಲಾ ಬೇಡ. ಬೆಂಗಳೂರಿನೋರಿಗೆ ಕಾಗದ ಬರಿ. ಇಲ್ಲೇ ಕೂತ್ಕೊಂಡು ಬರಿ, ನಾನು ನೋಡ್ತೀನಿ" ಅಂದರು. ಮಕ್ಕಳ ನೋಟ್‌ಪುಸ್ತಕದ ಹಾಳೆ ಕೊಟ್ಟರು. ಜಗಲಿಯಲ್ಲಿ ಕೂತು ಬರೆದೆ. ತಪ್ಪು ಓದಿದವರದಲ್ಲ, ರೆಕಾರ್ಡ್ ಮಾಡಿದ ನನ್ನದು ಎಂದು ಬರೆದು ಸಹಿ ಹಾಕಿದೆ. ಅವರು ಎರಡು ಸಲ ಓದಿ, ಒಂದು ಕಾಗುಣಿತ ತಿದ್ದಿ ವಾಪಸು ಕೊಟ್ಟರು. ಮಧ್ಯಾಹ್ನ ಊಟಕ್ಕೆ ಹಾಕಿದರು. ಅವರೆಕಾಳಿನ ಸಾರು, ಮುದ್ದೆ. ನನಗೆ ಇಳಿಯಲಿಲ್ಲ. "ತಿನ್ನು, ಇನ್ನೂ ದೂರ ಹೋಗ್ಬೇಕು" ಅಂದರು. ಆ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ.

ಬೆಂಗಳೂರಿನಿಂದ ಮರ್ಯಾದೆಯ ಉತ್ತರ ಬಂತು. ಆ ಯೋಜನೆ ಮುಗಿದುಹೋಗಿದೆ, ಮುಂದೆ ಅವಕಾಶ ಬಂದರೆ ತಿಳಿಸುತ್ತೇವೆ ಎಂದು. ಮತ್ತೆ ಅವರು ಬರೆಯಲಿಲ್ಲ. ನಾನು ಸರಿಯಾಗಿ ರೆಕಾರ್ಡ್ ಮಾಡಿಕೊಡುತ್ತೇನೆ ಎಂದು ಟೀಚರಮ್ಮನಿಗೆ ಎರಡು ಸಲ ಹೇಳಿ ಕಳಿಸಿದೆ. ಬೇಡವೆಂದರು. ಸಭೆಗಳಿಗೆ ಆ ಪೆಟ್ಟಿಗೆಯನ್ನು ನಾನು ಆಮೇಲೂ ಒಯ್ಯುತ್ತಿದ್ದೆ. ಭಾಷಣಗಳಿಗೆ ಅದು ಬೇಕೇ ಬೇಕಿತ್ತು. ಆದರೆ ಹಾಡುವವರು, ಓದುವವರು ಬಂದರೆ ತಂತಿ ಕಳಚಿ, ಕೈಯನ್ನೇ ಗುಂಡಿಯ ಮೇಲಿಟ್ಟು ಅವರ ಮುಖ ನೋಡಿಕೊಂಡು ಕೂರುತ್ತಿದ್ದೆ. ಇನ್ನೊಂದು ಸಲ ಓದಿಸಲಾರದಷ್ಟು ಸೋಮಾರಿತನ ಅವತ್ತು ಯಾಕೆ ಬಂತು ಎಂದು ಪ್ರತಿಸಲವೂ ಅನ್ನಿಸುತ್ತಿತ್ತು.

ಇನ್ನೆರಡು ವರ್ಷ ಕಳೆದ ಮೇಲೆ, ತೊಂಡೇಬಾವಿಯಲ್ಲಿ ಟೀಚರಮ್ಮ ಮತ್ತೆ ಓದುತ್ತಿದ್ದಾರೆ, ಸ್ಕೂಲಿನ ನಾಲ್ಕೈದು ಹುಡುಗಿಯರಿಗೆ ಕಲಿಸುತ್ತಲೂ ಇದ್ದಾರೆ ಎಂದು ಹೆಡ್‌ಮಿಸ್ಸು ಹೇಳಿದರು. ನಮ್ಮಮ್ಮನಿಗೆ ಕೇಳಬೇಕೆಂದು ಆಸೆ. ಕರೆದುಕೊಂಡು ಹೋದೆ. ಟೀಚರಮ್ಮ ನಮ್ಮಮ್ಮನ ಕೈ ಹಿಡಿದು ಕೂರಿಸಿದರು. ನನಗೂ "ಬಾಪ್ಪ, ಕೂತ್ಕೊ" ಅಂದರು. ಸ್ಕೂಲಿನ ವರಾಂಡದಲ್ಲಿ ಹತ್ತು ಹದಿನೈದು ಜನ. ಓದು ಚೆನ್ನಾಗಿತ್ತು. ಕೈವಾರದ ನಡುಕ, ಕೂಗು ಯಾವುದೂ ಇರಲಿಲ್ಲ. ನಮ್ಮಮ್ಮ ಕಣ್ಣು ಒರೆಸಿಕೊಂಡರು. ಆದರೆ ದನಿ ಪೂರ್ತಿ ಇಳಿದು, ಎಲ್ಲರೂ ಮುಂದಕ್ಕೆ ಬಾಗಿದ ಗಳಿಗೆಯಲ್ಲಿ ಟೀಚರಮ್ಮ ಕಣ್ಣು ತೆರೆದು ಕೂತವರ ಮುಖಗಳನ್ನು ಒಂದೊಂದಾಗಿ ನೋಡಿದರು. ಕೇಳಿಸುತ್ತಿದೆಯೇ, ಮನಸ್ಸಿಗೆ ತಾಗುತ್ತಿದೆಯೇ ಎಂದು ಕೇಳುವ ಹಾಗಿತ್ತು ಆ ನೋಟ. ಹಿಂದೆ ಅವರು ಕಣ್ಣು ಮುಚ್ಚಿಯೇ ಓದುತ್ತಿದ್ದರು; ಈ ನೋಟ ಅವರ ತಂದೆ ಕಲಿಸಿದ್ದಲ್ಲ. ಅದು ನನ್ನ ಮುಖಕ್ಕೆ ಬಂದಾಗ ನಾನು ತಲೆ ತಗ್ಗಿಸಿದೆ.